ಸೋಪು ಬಚ್ಚಲಲ್ಲಿ, ಕಾಸ್ಟಿಕ್ ಬೀಗದಲ್ಲಿ

ಕೆಲವು ದಿನಗಳ ಹಿಂದೆ ಸಿಂಧನೂರಿನ ನನ್ನ ದವಾಖಾನೆಗೆ ಮಸ್ಕಿ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ಎರಡೂ ಮುಂಗೈ ಕೆಂಪಾಗಿ ಅಲ್ಲಲ್ಲಿ ಚರ್ಮ ಸುಲಿದಿತ್ತು, ಬೆರಳ ಸಂದುಗಳು ಬಿರಿದಿದ್ದವು. ಭತ್ತದ ನಾಟಿಯ ಹಂಗಾಮಿನಲ್ಲಿ ದಿನಗಟ್ಟಲೆ ಕೆಸರುನೀರಿನಲ್ಲಿ ನಿಲ್ಲುವ ಹೆಂಗಸರ ಕೈಕಾಲು ಹೀಗಾಗುವುದನ್ನು ನಮ್ಮ ಭಾಗದ ವೈದ್ಯರೆಲ್ಲ ನೋಡಿರುತ್ತಾರೆ. ಇದೂ ಅದೇ ಇರಬೇಕೆಂದು ನಾನು ಮುಲಾಮು ಬರೆಯಲು ಹೊರಟೆ. "ಇಲ್ರಿ ಸರ, ನಾ ಹೊಲಕ್ಕ ಹೋಗಂಗಿಲ್ರಿ. ಇದು ಇದರಿಂದ ಆಗಿದ್ದು" ಎಂದು ಅವರು ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟರು. ಒಳಗೆ ಹಸಿರು ಬಣ್ಣದ ಸೋಪಿನ ಬಿಲ್ಲೆ ಇತ್ತು. ಬೇವಿನ ಎಲೆ ಅರೆದು ಹಾಕಿದ್ದರಂತೆ. ಬಿಲ್ಲೆಯ ಮೇಲೆ ಗೋಡೆಗೆ ಉಪ್ಪು ಹೂತಂತೆ ಬಿಳಿಯ ಪುಡಿ, ಬದಿಗಳಲ್ಲಿ ಬೆವರಿದಂತೆ ಸಣ್ಣ ಸಣ್ಣ ಹನಿಗಳು. ಆ ಹನಿಯನ್ನು ನಾನು ಬೆರಳಿನಿಂದ ಮುಟ್ಟಿ ನೋಡಲಿಲ್ಲ. ಮುಟ್ಟಬಾರದೆಂಬುದು ನನಗೆ ಅನುಭವದಿಂದ ಗೊತ್ತಿತ್ತು. ಆ ಕಥೆ ಮುಂದೆ ಹೇಳುತ್ತೇನೆ.

ಅವರು ಮೊಬೈಲಿನಲ್ಲಿ ವಿಡಿಯೋ ನೋಡಿ ಸೋಪು ಮಾಡುವುದನ್ನು ಕಲಿತವರು. ವಿಡಿಯೋದಲ್ಲಿ ಒಂದು ಕಿಲೋ ಕೊಬ್ಬರಿ ಎಣ್ಣೆಗೆ 174 ಗ್ರಾಂ ಕಾಸ್ಟಿಕ್ ಸೋಡಾ ಎಂದು ಹೇಳಿದ್ದರು. ಕೊಬ್ಬರಿ ಎಣ್ಣೆ ನಮ್ಮ ಕಡೆ ದುಬಾರಿ. ಮನೆಯಲ್ಲಿ ಶೇಂಗಾ ಎಣ್ಣೆಯ ಡಬ್ಬಿ ಇತ್ತು. ಎಣ್ಣೆ ಯಾವುದಾದರೇನು, ಎಲ್ಲವೂ ಜಿಡ್ಡೇ ಅಲ್ಲವೇ ಎಂದುಕೊಂಡು ಒಂದು ಕಿಲೋ ಶೇಂಗಾ ಎಣ್ಣೆ ಹಾಕಿದ್ದಾರೆ. ಸೋಡಾ ಮಾತ್ರ ಹೇಳಿದಷ್ಟೇ ತೂಗಿದ್ದಾರೆ. ಆರನೆಯ ದಿನದಿಂದ ಅದೇ ಸೋಪಿನಲ್ಲಿ ಕೈ ತೊಳೆದಿದ್ದಾರೆ, ಬಟ್ಟೆ ಒಗೆದಿದ್ದಾರೆ. ಪುಣ್ಯಕ್ಕೆ ಮಕ್ಕಳಿಗೆ ಹಚ್ಚಿರಲಿಲ್ಲ.

ಎಲ್ಲ ಎಣ್ಣೆಯೂ ಜಿಡ್ಡೇ, ನಿಜ. ಆದರೆ ಸೋಡಾದ ಲೆಕ್ಕದಲ್ಲಿ ಎಲ್ಲ ಜಿಡ್ಡೂ ಒಂದೇ ಅಲ್ಲ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಶೇಂಗಾ ಎಣ್ಣೆಗೆ ಬೇಕಾಗುವುದು ಸುಮಾರು 136 ಗ್ರಾಂ. ಔಡಲ ಎಣ್ಣೆಗೆ ಇನ್ನೂ ಕಡಿಮೆ, 128ರ ಆಸುಪಾಸು. ಬಲ್ಲವರು ಇದಕ್ಕಿಂತಲೂ ನೂರಕ್ಕೆ ಐದು ಪಾಲು ಸೋಡಾ ಕಡಿಮೆ ಹಾಕುತ್ತಾರೆ. ಸ್ವಲ್ಪ ಎಣ್ಣೆ ಸೋಪಾಗದೆ ಉಳಿದರೆ ಚರ್ಮಕ್ಕೆ ಹಿತ, ಸೋಡಾ ಉಳಿದರೆ ಅಹಿತ ಎಂಬ ಕಾರಣಕ್ಕೆ. ವಿಡಿಯೋದ 174 ಗ್ರಾಂ ಬಂದದ್ದು ಹಾಗೆಯೇ. ಅದು ಕೊಬ್ಬರಿ ಎಣ್ಣೆಗೆ ಸರಿಯಾದ ಲೆಕ್ಕ. ಶೇಂಗಾ ಎಣ್ಣೆಗೆ ಅದನ್ನೇ ಹಾಕಿದಾಗ ಹತ್ತಿರ ಹತ್ತಿರ 40 ಗ್ರಾಂ ಸೋಡಾ ಮಾಡಲು ಕೆಲಸವಿಲ್ಲದೆ ಆ ಬಿಲ್ಲೆಗಳಲ್ಲೇ ಉಳಿಯಿತು. ಅದಕ್ಕೆ ಕೆಲಸ ಸಿಕ್ಕಿದ್ದು ಆ ತಾಯಿಯ ಮುಂಗೈಯಲ್ಲಿ.

"ಆರು ವಾರ ಕಾದಿದ್ರ ಸರಿ ಆಗ್ತಿತ್ತೇನ್ರಿ?" ಎಂದು ಅವರು ಕೇಳಿದರು. ಇದು ಬಹಳ ಜನರಿಗೆ ಇರುವ ತಪ್ಪು ತಿಳಿವಳಿಕೆ. ಸರಿಯಾದ ಅಳತೆಯಲ್ಲಿ ಮಾಡಿದ ಸೋಪನ್ನು ನಾಲ್ಕರಿಂದ ಆರು ವಾರ ಗಾಳಿಯಾಡುವಲ್ಲಿ ಇಡುವುದು ನೀರಿನಂಶ ಹೋಗಿ ಗಟ್ಟಿಯಾಗಲೆಂದು, ಸೌಮ್ಯವಾಗಲೆಂದು. ಎಣ್ಣೆ ಮತ್ತು ಸೋಡಾದ ಕೂಡಾಟ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಮುಗಿದಿರುತ್ತದೆ. ಅಳತೆಯೇ ತಪ್ಪಿದ್ದರೆ ಆರು ವಾರವಲ್ಲ, ಆರು ತಿಂಗಳು ಕಾದರೂ ಆ ಬಿಲ್ಲೆಯನ್ನು ನಂಬಿ ಮೈಗೆ ಹಚ್ಚಬಾರದು.

ಇನ್ನು ಕೆಲವರು ಅರಿಶಿನ ಹಚ್ಚಿ ಪರೀಕ್ಷಿಸುತ್ತಾರೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಯ ಕೆಂಪು ನೀರು ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಆ ಬಣ್ಣದ ಗುಟ್ಟು ಗೊತ್ತೇ ಇದೆ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಆದರೆ ಅಂಗಡಿಯಿಂದ ತಂದ ಒಳ್ಳೆಯ ಸೋಪೂ ಕ್ಷಾರವೇ. ಅದಕ್ಕೂ ಅರಿಶಿನ ಕೆಂಪಾಗುತ್ತದೆ, ಹೆಚ್ಚು ಸೋಡಾ ಉಳಿದ ಕೆಟ್ಟ ಸೋಪಿಗೂ ಕೆಂಪಾಗುತ್ತದೆ. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ನಾಲಿಗೆಯ ತುದಿಗೆ ತಾಗಿಸಿ ನೋಡಿ ಎಂದು ಹೇಳುವವರೂ ಇದ್ದಾರೆ. ಅವರ ಮಾತು ಕೇಳಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಆ ತಾಯಿಯನ್ನು ಗದರಲಿಲ್ಲ. ಗದರುವ ಹಕ್ಕು ನನಗಿಲ್ಲ. 2020ರ ಲಾಕ್‌ಡೌನ್ ದಿನಗಳಿಂದ ನಮ್ಮ ಮನೆಯಲ್ಲೂ ಸೋಪು ತಯಾರಾಗುತ್ತಿದೆ. ಶುರು ಮಾಡಿದವಳು ನನ್ನ ಹೆಂಡತಿ, ನಂತರ ಅಂಟಿಸಿಕೊಂಡವನು ನಾನು. ದಿನವಿಡೀ ಕೆಮ್ಮು, ಜ್ವರ, ಬಿ.ಪಿ. ನೋಡಿದವನಿಗೆ ಭಾನುವಾರ ಹಿತ್ತಲಿನಲ್ಲಿ ಕುಳಿತು ಎಣ್ಣೆ ತೂಗುವುದು, ಕಡೆಯುವುದು, ಮಜ್ಜಿಗೆಯಂತಿದ್ದದ್ದು ನಿಧಾನವಾಗಿ ಇಡ್ಲಿ ಹಿಟ್ಟಿನಂತೆ ಗಟ್ಟಿಯಾಗುವುದನ್ನು ನೋಡುವುದು ದೊಡ್ಡ ಸಮಾಧಾನ. ಸೋಪಿನ ಜೊತೆ ಹುಟ್ಟುವ ಗ್ಲಿಸರಿನ್ ಅದರಲ್ಲೇ ಉಳಿಯುತ್ತದೆ. ಕಾರ್ಖಾನೆಗಳಲ್ಲಿ ಅದನ್ನು ಬಹುಮಟ್ಟಿಗೆ ಬೇರೆ ತೆಗೆಯುತ್ತಾರೆ. ಒಲೆ ಬೇಡ, ಕುದಿಸುವುದು ಬೇಡ. ಕಾಸ್ಟಿಕ್ ಸೋಡಾವನ್ನು ನೀರಿನಲ್ಲಿ ಕರಗಿಸಿ, ಅದು ಆರಿದ ಮೇಲೆ ಎಣ್ಣೆಗೆ ಸೇರಿಸಿ ಕಡೆದು ಅಚ್ಚಿಗೆ ಹೊಯ್ದರೆ ಉಳಿದ ಕೆಲಸ ತಾನಾಗಿ ಆಗುತ್ತದೆ. ಕೋಲ್ಡ್ ಪ್ರೋಸೆಸ್, ಅಂದರೆ ತಣ್ಣನೆಯ ವಿಧಾನ ಎಂದು ಇದಕ್ಕೆ ಹೆಸರು. ಹೆಸರು ಕೇಳಿ ಮೋಸ ಹೋಗಬೇಡಿ. ಸೋಡಾ ನೀರಿಗೆ ಬಿದ್ದ ಕ್ಷಣದಲ್ಲಿ ಆ ನೀರು ಬೆಂಕಿಯಿಲ್ಲದೆ ಚಹಾದಷ್ಟು ಬಿಸಿಯಾಗುತ್ತದೆ. ಅದರಿಂದ ಏಳುವ ಹಬೆ ಮೂಗಿಗೆ ಬಡಿದರೆ ಉಸಿರು ಕಟ್ಟುತ್ತದೆ.

ಸೋಪು ಮಾಡುವುದು ಅಡುಗೆಯಂತೆ ಕಾಣುತ್ತದೆ, ಅಡುಗೆಯಲ್ಲ. ನಮ್ಮ ಅಡುಗೆಯಲ್ಲಿ ಕಣ್ಣಳತೆ, ಕೈಯಳತೆ ನಡೆಯುತ್ತದೆ. ಉಪ್ಪು ಜಾಸ್ತಿಯಾದರೆ ಸಾರಿಗೆ ನೀರು ಹಾಕಬಹುದು. ಇಲ್ಲಿ ಗ್ರಾಂ ತೋರಿಸುವ ತಕ್ಕಡಿ ಬೇಕು, ಎಣ್ಣೆ ಬದಲಾದಾಗಲೆಲ್ಲ ಲೆಕ್ಕ ಬದಲಾಗಬೇಕು. ಮೈಸೂರು ಸಂಸ್ಥಾನದವರು 1918ರಲ್ಲಿ ಬೆಂಗಳೂರಿನಲ್ಲಿ ಸ್ಯಾಂಡಲ್ ಸೋಪು ತಯಾರಿಸುವ ಮೊದಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಆ ವಿದ್ಯೆ ಕಲಿಯಲೆಂದೇ ಇಂಗ್ಲೆಂಡಿಗೆ ಕಳುಹಿಸಿದ್ದರು. ನಾವು ಹತ್ತು ನಿಮಿಷದ ವಿಡಿಯೋ ನೋಡಿ ಕೂರುತ್ತೇವೆ.

ಸೋಪಿನ ಗುಣಗಾನದ ಬಗ್ಗೆಯೂ ಎರಡು ಮಾತು. ಮನೆಯ ಸೋಪು ಒಳ್ಳೆಯದಿರಬಹುದು, ಔಷಧವಂತೂ ಅಲ್ಲ. ಬೇವಿನೆಣ್ಣೆ ಹಾಕಿದ ಸೋಪಿನಿಂದ ಗಜಕರ್ಣ ಹೋಗುತ್ತದೆಂದು ನಂಬಿ ಎರಡು ತಿಂಗಳು ಉಜ್ಜಿ, ಸೊಂಟದಲ್ಲಿದ್ದದ್ದು ತೊಡೆಗೂ ಬೆನ್ನಿಗೂ ಹಬ್ಬಿದ ಮೇಲೆ ಬರುವವರು ಇದ್ದಾರೆ. ಅಷ್ಟರಲ್ಲಿ ಮನೆಯ ಇತರರಿಗೂ ಅಂಟಿರುತ್ತದೆ. ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲದ ಗುಣದ್ದು. ಸೋಪು, ಅದು ಎಷ್ಟೇ ಹಿತವಾಗಿದ್ದರೂ, ಕ್ಷಾರ. ಆರೋಗ್ಯವಂತರ ಚರ್ಮ ಸ್ನಾನದ ನಂತರ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಇಸುಬು ಇದ್ದವರ, ಹಸುಗೂಸುಗಳ, ಒಣಚರ್ಮದ ವೃದ್ಧರ ಮೈಗೆ ಅದು ಸುಲಭವಲ್ಲ. ಮನೆಯ ಸೋಪಿನ ಮೊದಲ ಪ್ರಯೋಗ ಕೂಸಿನ ಮೈಮೇಲೆ ಆಗುವುದು ಬೇಡ.

ನೀರಿನ ವಿಷಯವನ್ನೂ ಮರೆಯಬಾರದು. ಕಾಲುವೆಯ ನೀರು ಬಂದ ದಿನ ಒಂದು ಉಜ್ಜಿಗೆ ಕೈ ತುಂಬ ನೊರೆ ಬರುತ್ತದೆ. ಬೋರಿನ ಗಡಸು ನೀರಿನಲ್ಲಿ ಅದೇ ಸೋಪು ಹಾಲು ಒಡೆದಂತೆ ಒಡೆದು ಬಕೆಟ್ಟಿಗೂ ಮೈಗೂ ಅಂಟಿಕೊಳ್ಳುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶ ಸೋಪನ್ನು ಹಿಡಿದುಕೊಳ್ಳುವುದರಿಂದ ಹೀಗಾಗುತ್ತದೆ. ನೊರೆ ಬರಲಿಲ್ಲವೆಂದು ಮತ್ತೆ ಮತ್ತೆ ಉಜ್ಜುತ್ತಾರೆ, ಮೈ ತುರಿಸುತ್ತದೆ, ತಪ್ಪು ಸೋಪಿನದೆನ್ನುತ್ತಾರೆ. ಲಿಂಗಸುಗೂರಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ನಮ್ಮ ಸೋಪು ಚೆನ್ನಾಗಿಲ್ಲವೆಂದು ಹಿಂದಕ್ಕೆ ಕಳುಹಿಸಿದ್ದರು. ಅದೇ ತುಣುಕು ಮಳೆನೀರಿನಲ್ಲಿ ಹೂವಿನಂಥ ನೊರೆ ಕೊಟ್ಟಿತು. ಅವರು ಇಂದಿಗೂ ಒಪ್ಪಿಲ್ಲ.

ಇವೆಲ್ಲ ಸಣ್ಣ ಮಾತು. ಕೈ ಸುಲಿದರೆ ಎರಡು ವಾರದಲ್ಲಿ ಮಾಯುತ್ತದೆ. ಆ ತಾಯಿಯ ಕೈಯೂ ಮಾಯಿತು. ನನ್ನನ್ನು ಈ ಲೇಖನ ಬರೆಯಲು ಕೂರಿಸಿದ್ದು ಅದಲ್ಲ. ಅವರು ಎದ್ದು ಹೊರಡುವಾಗ ನಾನು ಕೇಳಿದೆ: "ಉಳಿದ ಸೋಡಾ ಎಲ್ಲಿ ಇಟ್ಟೀರಿ?" ಅವರು ಸ್ವಲ್ಪ ಯೋಚಿಸಿ, "ಅಡಿಗಿ ಮನ್ಯಾಗ್ರಿ, ಮಾಡದಾಗ. ಸಕ್ಕರಿ ಡಬ್ಬಿ ಮಗ್ಗಲ" ಎಂದರು.

ಮೊದಲು ಹೇಳುತ್ತೇನೆಂದಿದ್ದ ಕಥೆಗೆ ಈಗ ಬರುತ್ತೇನೆ. ಸೋಪು ಮಾಡಲು ಶುರು ಮಾಡಿದ ಮರುವರ್ಷ, ಏಪ್ರಿಲ್ ತಿಂಗಳು. ಅಂದು ನನ್ನ ಸರದಿ. 140 ಗ್ರಾಂ ಸೋಡಾವನ್ನು ಮುನ್ನೂರು ಚಿಲ್ಲರೆ ಗ್ರಾಂ ನೀರಿನಲ್ಲಿ ಕರಗಿಸಿದೆ. ಮೊದಲು ಹಾಲಿನಂತೆ ಮಬ್ಬಾಗಿರುವ ಆ ದ್ರಾವಣ ಕೆಲವು ನಿಮಿಷಗಳಲ್ಲಿ ತಿಳಿಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದಲ್ಲಿ ನೀರಿನ ಲೋಟ ಇಟ್ಟರೆ ಯಾವುದು ಯಾವುದೆಂದು ನನಗೂ ಹೇಳಲಾಗದು. ಆರಲೆಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಯಾರದೋ ಫೋನು ಬಂತೆಂದು ಹೊರಗೆ ಹೋದೆ. ಇಟ್ಟದ್ದು ಯಾವುದರಲ್ಲಿ? ಮನೆಯಲ್ಲಿ ದಿನವೂ ನೀರು ಕುಡಿಯುವ ಸ್ಟೀಲಿನ ತಂಬಿಗೆಯಲ್ಲಿ. ಸ್ಟೀಲು ಸೋಡಾಕ್ಕೆ ಜಗ್ಗುವುದಿಲ್ಲ ಎಂಬ ರಸಾಯನಶಾಸ್ತ್ರ ನನಗೆ ನೆನಪಿತ್ತು. ಮನೆಯಲ್ಲಿ ಬಾಯಾರಿದವರು ಇರುತ್ತಾರೆ ಎಂಬುದು ನೆನಪಿರಲಿಲ್ಲ.

ನನ್ನ ತಂದೆ ಹೊಲದಿಂದ ಬಂದರು. ನೆತ್ತಿ ಸುಡುವ ಬಿಸಿಲು. ನೇರ ಒಳಗೆ ಹೋಗಿ ತಂಬಿಗೆಗೆ ಕೈ ಹಾಕಿದ್ದಾರೆ. ಅವರು ಹಳೆಯ ಕಾಲದವರು, ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ತುಟಿ ತಾಗಿಸುವವರಾದರೆ ತುಟಿ ಸುಟ್ಟು ಅಲ್ಲಿಗೇ ನಿಲ್ಲುತ್ತಿತ್ತೇನೋ. ಎತ್ತಿ ಕುಡಿಯುವವರಿಗೆ ಎರಡು ಗುಟುಕು ಗಂಟಲು ದಾಟಿದ ಮೇಲೆಯೇ ತಿಳಿಯುವುದು. "ಇಂಥಾ ಬ್ಯಾಸಿಗ್ಯಾಗ ಕುಡಿಯೋ ನೀರು ಯಾಕ ಕಾಸಿ ಇಟ್ಟೀರಿ?" ಎಂದು ಅವರು ಜೋರಾಗಿ ಕೇಳಿದ್ದು ಹೊರಗೆ ನನಗೆ ಕೇಳಿಸಿತು. ತಂಬಿಗೆ ಇನ್ನೂ ಬಿಸಿ ಇತ್ತು. ಅವರು ಅದನ್ನು ಕಟ್ಟೆಗೆ ಇಟ್ಟು ಗಡಿಗೆಯ ನೀರಿನ ಕಡೆ ತಿರುಗಿದ್ದರು. ನನ್ನ ಫೋನಿನ ಮಾತು ಇನ್ನೊಂದು ಗಂಟೆ ಮುಂದುವರಿದಿದ್ದರೆ ತಂಬಿಗೆ ತಣ್ಣಗಾಗಿರುತ್ತಿತ್ತು. ಆ ದಿನ ನಾನು ಊಟ ಮಾಡಲಿಲ್ಲ. ಅವರಿಗೆ ವಿಷಯ ಹೇಳಲು ನನಗೆ ಎರಡು ದಿನ ಬೇಕಾಯಿತು.

ಅವರು ಕುಡಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಓದುಗರು ತಿಳಿಯಬೇಕು. ಆಮ್ಲ ತಾಗಿದ ಜಾಗ ಸುಟ್ಟು ಗಟ್ಟಿಯಾಗುತ್ತದೆ, ಆ ಗಟ್ಟಿ ಪದರವೇ ಒಂದಿಷ್ಟು ತಡೆಯಾಗುತ್ತದೆ. ಕ್ಷಾರದ ರೀತಿ ಬೇರೆ. ಪಾತ್ರೆಯಲ್ಲಿ ಎಣ್ಣೆಗೆ ಏನು ಮಾಡುತ್ತದೋ ದೇಹದ ಕೊಬ್ಬಿಗೂ ಅದನ್ನೇ ಮಾಡುತ್ತದೆ, ಅಂದರೆ ಅದನ್ನು ಸೋಪು ಮಾಡುತ್ತದೆ. ಸೋಡಾ ತಾಗಿದ ಬೆರಳು ಜಾರುಜಾರಾಗುವುದು ಅದಕ್ಕೇ. ಮಾಂಸವನ್ನು ಕರಗಿಸಿ ಮೆತ್ತಗೆ ಮಾಡುತ್ತ ಒಳಗೊಳಗೆ ಇಳಿಯುತ್ತದೆ. ಎಷ್ಟೋ ಸಲ ಮೊದಲು ನೋವು ಅಷ್ಟಾಗಿ ಇರುವುದೂ ಇಲ್ಲ. ಅನ್ನನಾಳದಲ್ಲಿ ಇದು ನಡೆದರೆ ನಾಳ ತೂತಾಗಬಹುದು. ತೂತಾಗದೆ ಉಳಿದವರಿಗೆ ಕೆಲವು ವಾರಗಳ ನಂತರ ಗಾಯ ಮಾಯುತ್ತ ಮಾಯುತ್ತ ನಾಳ ಬಿಗಿದುಕೊಳ್ಳುತ್ತದೆ. ಮೊದಲು ರೊಟ್ಟಿ ಇಳಿಯುವುದಿಲ್ಲ, ನಂತರ ಅನ್ನ ಇಳಿಯುವುದಿಲ್ಲ, ಕೊನೆಗೆ ಹಾಲೂ ಕಷ್ಟ.

ನಾನು ವೃತ್ತಿ ಆರಂಭಿಸಿದ ಹೊಸದರಲ್ಲಿ ಅಂಥ ಒಂದು ಮಗುವನ್ನು ಕಂಡಿದ್ದೆ. ಮೂರು ವರ್ಷದ ಹುಡುಗ. ಬಚ್ಚಲು ತೊಳೆಯಲು ಕರಗಿಸಿದ ಕಾಸ್ಟಿಕ್ ನೀರನ್ನು ಯಾರೋ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟಿದ್ದರು. ಮಗು ಬಾಟಲಿ ನೋಡಿತು, ಕುಡಿಯಿತು. ಜೀವ ಉಳಿಯಿತು. ಆದರೆ ಹದಿನೈದು ದಿನಕ್ಕೊಮ್ಮೆ ದೂರದ ಆಸ್ಪತ್ರೆಗೆ ಒಯ್ದು, ಮಲಗಿಸಿ, ಅನ್ನನಾಳವನ್ನು ಹಿಗ್ಗಿಸಬೇಕಾಗುತ್ತಿತ್ತು. ಒಂದೂವರೆ ವರ್ಷ ಹೀಗೆ ನಡೆಯಿತು. ಪ್ರತಿ ಸಲವೂ ಅವನ ಅಪ್ಪ ಎರಡು ದಿನದ ಕೂಲಿ ಬಿಟ್ಟು ಹೋಗುತ್ತಿದ್ದರು. ಇಂಥವರಲ್ಲಿ ದಶಕಗಳ ನಂತರ ಅದೇ ಜಾಗದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ.

ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿಯೂ ಇದೇ ಪಾಡಿತ್ತು. ಅಲ್ಲಿ ಮನೆಮನೆಯಲ್ಲಿ ಸೋಪು ಮಾಡಲು, ಮೋರಿ ತೊಳೆಯಲು ಕಾಸ್ಟಿಕ್ ಡಬ್ಬಿ ಇರುತ್ತಿತ್ತು. ಡಬ್ಬಿಯ ಮೇಲೆ ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಅದು ಮಾರಾಟವಾಗುತ್ತಿತ್ತು. ಷೆವಲಿಯರ್ ಜಾಕ್ಸನ್ ಎಂಬ ಗಂಟಲಿನ ವೈದ್ಯರು ನಾಳ ಬಿಗಿದ ಮಕ್ಕಳನ್ನು ಒಬ್ಬರ ನಂತರ ಒಬ್ಬರಂತೆ ನೋಡಿ, ತಾವೇ ಸುಧಾರಿಸಿದ ದುರ್ಬೀನು ಕೊಳವೆಗಳಿಂದ ಚಿಕಿತ್ಸೆ ಮಾಡುತ್ತಿದ್ದರು. ಎಷ್ಟು ಮಕ್ಕಳ ನಾಳ ಹಿಗ್ಗಿಸಿದರೂ ಹೊಸ ಮಕ್ಕಳು ಬರುವುದು ನಿಲ್ಲಲಿಲ್ಲ. ಕೊನೆಗೆ ಅವರು ಶಾಸನ ಮಾಡುವವರ ಬೆನ್ನು ಹತ್ತಿದರು. ವರ್ಷಗಳ ಕಾಲ ಬಿಡದೆ ಒತ್ತಾಯಿಸಿ, 1927ರಲ್ಲಿ ಇಂಥ ಪದಾರ್ಥಗಳ ಡಬ್ಬಿಯ ಮೇಲೆ ವಿಷವೆಂದು ಬರೆಯಲೇಬೇಕೆಂಬ ಕಾಯ್ದೆ ಬರುವಂತೆ ಮಾಡಿದರು. ಕತ್ತರಿ ಹಿಡಿದ ಕೈಗಿಂತ ಒಂದು ಚೀಟಿ ಹೆಚ್ಚು ಮಕ್ಕಳನ್ನು ಕಾಯಬಲ್ಲದೆಂದು ಅವರು ಕಂಡುಕೊಂಡಿದ್ದರು.

ನಮ್ಮ ಊರುಗಳಲ್ಲಿ ನಾನು ನೋಡಿದಂತೆ ಕಾಸ್ಟಿಕ್ ಸೋಡಾ ಹೇಗೆ ಮನೆಗೆ ಬರುತ್ತದೆ? ಅಂಗಡಿಯವರು ದೊಡ್ಡ ಚೀಲದಿಂದ ತೆಗೆದು, ತೂಗಿ, ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಕೊಡುತ್ತಾರೆ. ಹೆಸರಿಲ್ಲ, ಎಚ್ಚರಿಕೆಯಿಲ್ಲ. ಕೆಲವೊಮ್ಮೆ ಅದೇ ಸೌಟು, ಅದೇ ತಕ್ಕಡಿ, ಮುಂದಿನ ಗಿರಾಕಿಗೆ ಸಕ್ಕರೆ. ಕೆಲವು ತರದ ಸೋಡಾ ಬಿಳಿ ಚಕ್ಕೆಯಂತಿದ್ದು ಕಲ್ಲುಸಕ್ಕರೆ ಪುಡಿ ಮಾಡಿದಂತೆ ಕಾಣುತ್ತದೆ. ಇನ್ನು ಕೆಲವು ಮಣಿಮಣಿಯಾಗಿ ಥೇಟ್ ಸಾಬೂದಾನಿ. ಏಕಾದಶಿಯ ದಿನ ಮಬ್ಬುಗಣ್ಣಿನ ಅಜ್ಜಿಯೊಬ್ಬರು ಆ ಪೊಟ್ಟಣ ಬಿಚ್ಚಿದರೆ ಎಂದು ಯೋಚಿಸಿ ನೋಡಿ.

ಆಮ್ಲದ ವಿಷಯದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದಿತು. ಕೊಂಡವರ ಹೆಸರು, ವಿಳಾಸ ಬರೆದುಕೊಳ್ಳದೆ ಮಾರಬಾರದೆಂದು ಆಜ್ಞೆಯಾಯಿತು. ಅದು ಹೆಣ್ಣುಮಕ್ಕಳ ಮುಖದ ಮೇಲೆ ಆಮ್ಲ ಎರಚುವ ದುಷ್ಟತನವನ್ನು ತಡೆಯಲು. ದುಷ್ಟತನಕ್ಕೆ ಕೊಡುವ ಗಮನವನ್ನು ನಾವು ಮೈಮರೆವಿಗೆ ಕೊಡುವುದಿಲ್ಲ. ಅಂಗಡಿಯವರು ಕೋರ್ಟಿನ ಮಾತಿಗೆ ಕಾಯಬೇಕಾಗಿಲ್ಲ. ಸೋಡಾವನ್ನು ತಿನ್ನುವ ಪದಾರ್ಥದ ಸಾಲಿನಿಂದ ಬೇರೆ ಇಡಬೇಕು, ಅದಕ್ಕೆ ಬೇರೆ ಸೌಟು ಇರಬೇಕು. ಕಂಪನಿಯವರು ಮುಚ್ಚಿದ ಡಬ್ಬಿಯಲ್ಲಿ ಕಳುಹಿಸಿದ್ದನ್ನು ಹಾಗೆಯೇ ಮಾರಬೇಕು. ಬಿಡಿಯಾಗಿ ಕೊಡುವುದೇ ಆದರೆ ದಪ್ಪ ಡಬ್ಬಿಯಲ್ಲಿ, ಮೇಲೆ ಕೆಂಪು ಶಾಯಿಯಲ್ಲಿ "ವಿಷ" ಎಂದು ಬರೆದು ಕೊಡಬೇಕು. ಓದಲು ಬಾರದವರಿಗಾಗಿ ತಲೆಬುರುಡೆಯ ಚಿತ್ರ. ಕೀಟನಾಶಕದ ಡಬ್ಬಿಯ ಮೇಲಿನ ಕೆಂಪು ಗುರುತನ್ನು ನಮ್ಮ ರೈತರ ಮನೆಯ ಮಕ್ಕಳೂ ಬಲ್ಲರು. ಮಹಿಳಾ ಸಂಘಗಳಿಗೆ ಸೋಪು, ಫಿನಾಯಿಲ್ ತಯಾರಿಕೆ ಕಲಿಸುವವರು ಮೊದಲ ದಿನದ ಮೊದಲ ಗಂಟೆಯನ್ನು ಇದಕ್ಕೇ ಮೀಸಲಿಡಬೇಕು. ಸೋಪನ್ನು ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕೆಂಬುದನ್ನೂ ಆಗಲೇ ಹೇಳಿಬಿಡಲಿ.

ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ನನ್ನ ಅಭಿಪ್ರಾಯ ಸ್ಪಷ್ಟ: ಸದ್ಯಕ್ಕೆ ಕಾಸ್ಟಿಕ್ ತರಬೇಡಿ. ಸೋಪಾಗಿಯೇ ಬರುವ, ಕರಗಿಸಿ ಅಚ್ಚಿಗೆ ಹೊಯ್ಯುವ ಗಟ್ಟಿಗಳು ಈಗ ಸಿಗುತ್ತವೆ. ಬಣ್ಣ, ಪರಿಮಳ, ಅಚ್ಚಿನ ಆಟವೆಲ್ಲ ಅದರಲ್ಲೂ ಇದೆ. ಹಟದ ಹವ್ಯಾಸಿಗಳು ಅದನ್ನು ಸೋಪು ಮಾಡುವುದೆಂದು ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ, ಮಕ್ಕಳು ದೊಡ್ಡವರಾಗುವವರೆಗೆ ಕಾಯಲಿ.

ಉಳಿದವರು ಮಾಡಲಿ. ಆದರೆ ಒಂದು ಸಲಕ್ಕೆ ಬೇಕಾದಷ್ಟೇ ಸೋಡಾ ತನ್ನಿ. ಅಡುಗೆಮನೆಯಲ್ಲಿ ಬೇಡ, ಹಿತ್ತಲಿನಲ್ಲಿ ಮಾಡಿ, ಮಕ್ಕಳು ಶಾಲೆಗೆ ಹೋದ ಮೇಲೆ. ಕಣ್ಣಿಗೆ ಕನ್ನಡಕ ಬೇಕು. ಓದುವ ಕನ್ನಡಕ ಸಾಲದು, ಬದಿಯೂ ಮುಚ್ಚುವಂಥದ್ದಿರಲಿ. ಕೈಗೆ ರಬ್ಬರಿನ ಗವಸು, ಮೈಗೆ ತುಂಬು ತೋಳಿನ ಅಂಗಿ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ನಮ್ಮ ಕಡೆ ಜರ್ಮನ್ ಪಾತ್ರೆ ಎನ್ನುವ ಅಲ್ಯುಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ, ಬೆಂಕಿ ಹತ್ತುವ ಅನಿಲವನ್ನೂ ಬಿಡುತ್ತದೆ. ಸೋಪಿಗೆಂದೇ ಒಂದು ಸ್ಟೀಲಿನ ಪಾತ್ರೆ ಇಟ್ಟು ಅದಕ್ಕೆ ಬಣ್ಣ ಬಳಿಯಿರಿ. ತಂಬಿಗೆ, ಲೋಟ, ನೀರಿನ ಬಾಟಲಿ ಯಾವುದೂ ಬೇಡ, ಒಂದು ನಿಮಿಷಕ್ಕೂ ಬೇಡ. ಕರಗಿಸಿದ ಮೇಲೆ ಫೋನು ಬಂದರೆ ಬರಲಿ.

ಇಷ್ಟಾದರೂ ಅನಾಹುತ ನಡೆಯಬಹುದು. ಕಣ್ಣಿಗೆ ಸಿಡಿದರೆ ಆಸ್ಪತ್ರೆಗೆ ಓಡುವುದು ಎರಡನೆಯ ಕೆಲಸ. ಮೊದಲ ಕೆಲಸ ಅಲ್ಲಿಯೇ, ಆ ಕ್ಷಣವೇ, ರೆಪ್ಪೆ ಬಿಡಿಸಿ ಹಿಡಿದು ನೀರು ಹೊಯ್ಯುವುದು. ಒಂದು ತಂಬಿಗೆಯಲ್ಲ, ಗಡಿಯಾರ ನೋಡಿ ಅರ್ಧ ಗಂಟೆ. ಬೋರಿನ ನೀರಾದರೂ ಸರಿ. ಎದೆಹಾಲು, ಔಡಲ ಎಣ್ಣೆ, ಗುಲಾಬಿ ನೀರು ಹಾಕಲು ಯಾರಾದರೂ ಮುಂದೆ ಬಂದರೆ ತಡೆಯಿರಿ. ಆಮೇಲೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಕ್ಷಾರ ಬಿದ್ದ ಕಣ್ಣು ಉಳಿಯುವುದು ಬಹುಮಟ್ಟಿಗೆ ಆ ಮೊದಲ ಅರ್ಧ ಗಂಟೆಯ ನೀರಿನಿಂದ. ಮೈಮೇಲೆ ಪುಡಿ ಬಿದ್ದರೆ ಮೊದಲು ಒಣ ಬಟ್ಟೆಯಿಂದ ಝಾಡಿಸಿ, ನಂತರ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ತೊಯ್ದ ಬಟ್ಟೆ ಬಿಚ್ಚಿಹಾಕಿ. ಲಿಂಬೆ ಹಿಂಡಬೇಡಿ.

ಕುಡಿದಿದ್ದರೆ ವಾಂತಿ ಮಾಡಿಸಲೇಬಾರದು. ನಮ್ಮ ಹಳ್ಳಿಗಳಲ್ಲಿ ಯಾರು ಏನು ಕುಡಿದರೂ ಉಪ್ಪುನೀರು ಕುಡಿಸಿ ಗಂಟಲಿಗೆ ಬೆರಳು ಹಾಕುವ ರೂಢಿ ಇದೆ. ಕಾಸ್ಟಿಕ್ ಕುಡಿದವರಲ್ಲಿ ಒಳಗೆ ಹೋಗುವಾಗ ಸುಟ್ಟದ್ದು ಹೊರಗೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಹುಣಸೆರಸ, ಲಿಂಬೆರಸ, ಮಜ್ಜಿಗೆ ಕುಡಿಸಿ ಕ್ಷಾರವನ್ನು ಮುರಿಯುವ ಉಪಾಯವೂ ಬೇಡ. ಬಾಯಿ ಮುಕ್ಕಳಿಸಿ ಉಗುಳಿಸಿ, 108ಕ್ಕೆ ಫೋನ್ ಮಾಡಿ, ಪೊಟ್ಟಣ ಅಥವಾ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಬಾಯಲ್ಲಿ ಸುಟ್ಟ ಗುರುತಿಲ್ಲ, ಮಗು ಆಡುತ್ತಿದೆ ಎಂದು ಸುಮ್ಮನಾಗಬೇಡಿ. ಬಾಯಿ ಚೆನ್ನಾಗಿದ್ದು ನಾಳ ಸುಟ್ಟಿರುವುದುಂಟು. ಜೊಲ್ಲು ಸುರಿಸುತ್ತಿದ್ದರೆ, ನುಂಗಲು ಒಲ್ಲೆನ್ನುತ್ತಿದ್ದರೆ, ದನಿ ಒಡೆದಿದ್ದರೆ ಅಪಾಯ ಹೆಚ್ಚು. ದುರ್ಬೀನು ಹಾಕಿ ಒಳಗೆ ನೋಡುವುದು ಸಾಮಾನ್ಯವಾಗಿ ಮೊದಲ 24 ಗಂಟೆಗಳಲ್ಲಿ ಆಗಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆ ಹತ್ತಿರವೇನಲ್ಲ. ಆದ್ದರಿಂದ ಬೆಳಗಾಗಲಿ ನೋಡೋಣ ಎನ್ನುವ ಮಾತು ಬೇಡ.

ಆ ತಾಯಿ ಎರಡನೆಯ ಸಲ ಬಂದಾಗ ಉಳಿದ ಸೋಡಾವನ್ನು ಏನು ಮಾಡಿದರೆಂದು ಕೇಳಿದೆ. ಹಿತ್ತಲಿನ ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದ್ದಾರಂತೆ. ತಪ್ಪಿದ ಬಿಲ್ಲೆಗಳನ್ನು ನಾನು ಇಸಿದುಕೊಂಡೆ. ಶೇಂಗಾ ಎಣ್ಣೆಯ ಸರಿ ಲೆಕ್ಕವನ್ನು ಔಷಧದ ಚೀಟಿಯ ಹಿಂದೆ ಬರೆದುಕೊಟ್ಟೆ: ಒಂದು ಕಿಲೋಗೆ 129 ಗ್ರಾಂ. ಫೀ ತೆಗೆದುಕೊಳ್ಳಲಿಲ್ಲ, ಮುಂದಿನ ಸಲದ ಒಂದು ಬಿಲ್ಲೆ ಕೇಳಿದ್ದೇನೆ.

ನಮ್ಮ ಮನೆಯ ಆ ತಂಬಿಗೆಯನ್ನು ನನ್ನ ಹೆಂಡತಿ ಗುಜರಿಗೆ ಹಾಕಿದಳು. ಸೋಡಾದ ಡಬ್ಬಿ ಈಗ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೀಟನಾಶಕದ ಜೊತೆ ಇರುತ್ತದೆ. ಬೀಗದ ಕೈ ನನ್ನ ತಂದೆಯ ಉಡಿದಾರದಲ್ಲಿ. ಭಾನುವಾರ ಕೇಳಲು ಹೋದರೆ ಅವರು ತಕ್ಷಣ ಕೊಡುವುದಿಲ್ಲ. "ನಿಮ್ಮ ಸಬಕಾರದ ನೀರು ಯಾವುದ್ರಾಗ ಕಲಸ್ತೀದಿ, ಮೊದಲ ಆ ಭಾಂಡಿ ತೋರಿಸು" ಎನ್ನುತ್ತಾರೆ.